ಅಲುಗಬಾರದ ಗಡಿಗೆ

ರಕ್ತಾಕ್ಷಿ ಸಂವತ್ಸರದ ಆಷಾಢದಲ್ಲಿ ಕಾವೇರಿ ಶ್ರೀರಂಗಪಟ್ಟಣದ ಬೀದಿಗೆ ಬಂದಾಗ ಮೊದಲು ನುಗ್ಗಿದ್ದು ಚಲುವಯ್ಯನ ಬೆಲ್ಲದಂಗಡಿಗೆ. ಹೊತ್ತು ಮೂಡುವಷ್ಟರಲ್ಲಿ ಅಚ್ಚುಬೆಲ್ಲವೆಲ್ಲ ಕರಗಿ ಹೊಳೆಯ ಪಾಲಾಗಿತ್ತು.

"ಇವತ್ತು ಕೆಳಗಿನೂರೋರಿಗೆಲ್ಲ ಪಾನಕ ಕಣ್ಲಾ ಚಲುವ" ಎಂದು ಪಕ್ಕದ ಮನೆಯ ಹೊನ್ನಪ್ಪ ನಕ್ಕ.

ಬೇರೆ ದಿನವಾಗಿದ್ದರೆ ಚಲುವಯ್ಯನೂ ನಗುತ್ತಿದ್ದನೇನೋ. ಆದರೆ ಮನೆಯೊಳಗೆ ಅವನ ತಾಯಿ ಮಾದಮ್ಮ ಕೊನೆಯ ಉಸಿರು ಎಳೆಯುತ್ತಿದ್ದಳು. ಅವಳು ಕೇಳಿದ್ದು ಒಂದೇ.

"ಒಂದು ಗುಟುಕು ಹೊಳೆ ನೀರು ಬುಡು ಮಗ, ನಿನ್ ಕೈಯಾರೆ."

ಹೊಳೆಯ ನಡುವಿನ ಊರು ಅದು. ಅಲ್ಲಿ ನೀರು ಕೂಡಿಡುವ ಅಭ್ಯಾಸ ಯಾರಿಗೂ ಇಲ್ಲ. ಬೇಕೆಂದಾಗ ಮೆಟ್ಟಿಲಿಳಿದು ತುಂಬಿಕೊಂಡು ಬಂದರಾಯಿತು. ಈಗ ಹೊಳೆಯೇ ಮನೆಯ ಹೊಸ್ತಿಲ ಕೆಳಗೆ ಬಂದು ನಿಂತಿತ್ತು, ಆದರೆ ಗೋಡೆಗೆ ಕಲಸಿದ ಮಣ್ಣಿನ ಹಾಗೆ ಕೆಂಪಗೆ. ಹಿತ್ತಲ ಬಾವಿಯೂ ಅದರಲ್ಲೇ ಮುಳುಗಿತ್ತು. ಆ ಕೆಸರನ್ನು ಹೆತ್ತವಳ ಬಾಯಿಗೆ ಬಿಡಲು ಚಲುವಯ್ಯನಿಗೆ ಮನಸ್ಸು ಒಪ್ಪಲಿಲ್ಲ.

ಆಗ ನೆನಪಾದದ್ದು ಹೆಂಡತಿ ಪುಟ್ಟಗೌರಮ್ಮ ತವರಿನಿಂದ ತಂದಿದ್ದ ಬೀಜದ ಗಂಟು. ಅವಳು ನಾಗಮಂಗಲದ ಕಡೆಯ ಹೊಣಕೆರೆಯವಳು. ಕೆರೆ ನೀರು ಕುಡಿಯುವ ಅವಳ ಊರಿನವರು ಗಡಿಗೆಯ ಒಳಮೈಗೆ ಚಿಲ್ಲದ ಬೀಜ ತೇಯ್ದು, ನೀರು ತುಂಬಿ, ಅಲುಗದಂತೆ ಇಡುತ್ತಾರೆ. ಕೆಸರು ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಹಿಂದೆ ಆ ಬೀಜ ಕಂಡು ಮಾದಮ್ಮ ಸೊಸೆಯನ್ನು ಹಂಗಿಸಿದ್ದಳು: "ಕಾವೇರಮ್ಮನ ಮನೆಗೇ ಬಂದು ಅವಳ ಮೊಕ ತೊಳೀತೀಯೇನೇ?"

ಚಲುವಯ್ಯ ಬೀಜ ತೇಯ್ದು, ಗಡಿಗೆ ತುಂಬಿ, ಜಗಲಿಯ ಮೂಲೆಯಲ್ಲಿಟ್ಟ. ಇಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಎದುರು ಮನೆಯ ಪಾರ್ವತಮ್ಮ ಮೊಣಕಾಲುದ್ದ ನೀರಿನಲ್ಲಿ ಬಂದಳು. ಯಾರ ಮನೆಯಲ್ಲಿ ಸಾವಾದರೂ ಮೊದಲ ಅಳು ಅವಳದೇ. ಇಲ್ಲಿ ಸಾವಿಗೂ ಮುಂಚೆಯೇ ಬಂದಿದ್ದಳು.

"ಅಯ್ಯೋ ನನ್ನವ್ವಾ!" ಎಂದು ಜಗಲಿಯ ಮೇಲೆ ದೊಪ್ಪನೆ ಕೂತು ಎದೆ ಬಡಿದುಕೊಂಡಳು. ಮೊಣಕೈ ತಗುಲಿ ಗಡಿಗೆ ಬುಗುರಿಯಂತೆ ತಿರುಗಿತು. ತಳದ ಕೆಸರೆಲ್ಲ ಮೇಲೆ.

"ಅಕ್ಕಯ್ಯ, ನಮ್ಮವ್ವ ಇನ್ನೂ ಅವ್ಳೆ!"

"ಇದ್ರೆ ಏನಂತೆ? ನಾಳೆ ಹೊಳೆ ಇನ್ನೂ ಏರುದ್ರೆ ನಾ ಎಂಗ್ಲಾ ಬರ್ಲಿ?"

ಚಲುವಯ್ಯ ಗಡಿಗೆಯನ್ನು ಹಿತ್ತಲಲ್ಲಿ ನೀರೇರದ ಎತ್ತರದ ಕೊಟ್ಟಿಗೆಗೆ ಸಾಗಿಸಿ ಕಾವಲು ಕೂತ. ಪುಟ್ಟಗೌರಮ್ಮ ಬಂದಳು. "ಇಗಾ, ಅತ್ತೆವ್ವ ನಿಮ್ನ ಕೇಳ್ತಾವ್ರೆ."

"ಇನ್ನೊಂಚೂರು ತಡಿ. ತಿಳಿ ಕೂರ್ತಾ ಅದೆ."

ಅವಳು ಹೋದದ್ದೇ ಹೊನ್ನಪ್ಪ ಬಂದ. "ತಿಳಿ ಆಯ್ತೇನ್ಲಾ?" ಎಂದವನೇ, ಅನ್ನ ಬೆಂದಿದೆಯೇ ಎಂದು ನೋಡುವವನಂತೆ, ಗಡಿಗೆಯ ತಳದವರೆಗೂ ಕೈ ಬಿಟ್ಟು ತಿರುವಿದ. ಬೆರಳ ತುಂಬ ಮೆತ್ತಿದ ಕೆಸರನ್ನು ತೋರಿಸಿ, "ಇಲ್ಲ ಕಣ್ಲಾ, ಇನ್ನೂ ಆಗಿಲ್ಲ" ಎಂದ.

ಚಲುವಯ್ಯನಿಗೆ ಅಳುವೇ ಬಂತು. ಹೊನ್ನಪ್ಪನ ರಟ್ಟೆ ಹಿಡಿದು ಹೊರಗೆ ತಂದ. ಬೀದಿಗೆಲ್ಲ ಕೇಳುವಂತೆ ಕೂಗಿದ. "ಯಾರೂ ಈ ಕಡೀಕೆ ಬರಬ್ಯಾಡಿ! ಓಡಾಡಬ್ಯಾಡಿ, ಕೂಗಬ್ಯಾಡಿ, ಅಳಬ್ಯಾಡಿ! ಪಾರ್ವತಕ್ಕ, ನಿಂಗೇ ಏಳ್ತಿರಾದು! ಒಂದು ಸದ್ದಾದ್ರೂ ನಮ್ಮವ್ವನ ನೀರು ಕದಡೋಯ್ತದೆ!"

ಮೊದಲ ಬಾರಿಗೆ ಆ ಬೀದಿ ಬಾಯಿ ಮುಚ್ಚಿಕೊಂಡಿತು.

ಮಧ್ಯಾಹ್ನ ಎಲ್ಲೋ ದಡಾರ್ ಎಂದಿತು. "ಕನ್ನಂಬಾಡಿ ಕಟ್ಟೆ ಒಡೆದೋಯ್ತು!" ಎಂದು ಯಾರೋ ಅರಚಿದರು. ಜನ ಗಂಟುಮೂಟೆ ಹೊತ್ತು ಓಡಿದರು. ಚಲುವಯ್ಯ ಓಡಲಿಲ್ಲ. ಗಡಿಗೆಯನ್ನು ಕೂಸಿನಂತೆ ತಬ್ಬಿಕೊಂಡ. ಬಿದ್ದದ್ದು ಕಟ್ಟೆಯಲ್ಲ, ನೆನೆದ ಹಿತ್ತಲ ಗೋಡೆ ಎಂದು ತಿಳಿದು ಜನ ಬೈದುಕೊಳ್ಳುತ್ತ ವಾಪಸಾದರು. ಗಡಿಗೆಯೊಳಗೆ ನೋಡಿದರೆ ಮತ್ತೆ ಕೆಂಪು. ಈ ಸಲ ಕದಡಿದ್ದು ಅವನದೇ ಮೈನಡುಕ.

ಪುಟ್ಟಗೌರಮ್ಮ ಮತ್ತೆ ಬಂದು ಬಾಗಿಲಲ್ಲಿ ನಿಂತಳು. ಅವಳು ಬಾಯಿ ತೆರೆಯುವ ಮುಂಚೆಯೇ ಅವನು ತುಟಿಯ ಮೇಲೆ ಬೆರಳಿಟ್ಟ. ಅವಳು ಸುಮ್ಮನೆ ಒಳಕ್ಕೆ ಹೋದಳು.

ಸಂಜೆಗೆ ನೀರು ತಿಳಿಯಾಯಿತು. ಬಗ್ಗಿದರೆ ತನ್ನ ಮುಖ ಕಂಡಿತು. ಬೆಳಗಿನಿಂದ ಒಂದು ಹನಿ ನೀರಿಲ್ಲದೆ ತುಟಿ ಬಿರಿದಿದ್ದ ಮುಖ. ಆದರೂ ಅದರಲ್ಲೊಂದು ಗುಟುಕು ಕುಡಿಯಬೇಕೆಂದು ಅವನಿಗೆ ತೋಚಲಿಲ್ಲ. ಗಿಂಡಿಗೆ ಬಗ್ಗಿಸಿಕೊಂಡು ಮೊಟ್ಟೆ ಹೊತ್ತವನಂತೆ ಹೆಜ್ಜೆಯಿಡುತ್ತ ಒಳಗೆ ಬಂದ.

ಒಳಗೆ ಹೊನ್ನಪ್ಪ ಇದ್ದ, ಬೀದಿಯ ಹೆಂಗಸರಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಪಾರ್ವತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಮಾದಮ್ಮನ ತಲೆಯ ಹತ್ತಿರ ದೀಪ ಉರಿಯುತ್ತಿತ್ತು.

"ಯಾವಾಗ?" ಎಂದ ಚಲುವಯ್ಯ.

"ಗೋಡೆ ಬಿದ್ದ ಮ್ಯಾಲೆ" ಎಂದಳು ಪುಟ್ಟಗೌರಮ್ಮ.

"ಯಾರೂ ಅಳ್ನೇ ಇಲ್ವಲ್ಲ!"

ಪಾರ್ವತಮ್ಮ ಸೆರಗು ತೆಗೆದಳು. "ಅತ್ರೆ ನಿನ್ ನೀರು ಕದಡೀತು ಅಂದ್ಯಲ್ಲಪ್ಪ. ಇಡ್ಕೊಂಡು ಕೂತಿವ್ನಿ ಕಣ್ಲಾ. ಈಗ ಅಳ್ಲಾ?"

ಅವನು ತಲೆಯಾಡಿಸಿದ. ಕಟ್ಟೆ ಒಡೆದಂತೆ ಅಳು ಎದ್ದಿತು.

ಆ ಗದ್ದಲದಲ್ಲೇ ಪುಟ್ಟಗೌರಮ್ಮ ಹೇಳಿದಳು. "ಅತ್ತೆವ್ವ ಕಾದು ಕಾದು ಸಾಕಾಗಿ, ಬಾಗಿಲಲ್ಲೇ ಹೊಳೆ ನಿಂತದಲ್ಲ, ಅದನ್ನೇ ಬುಡೇ ಅಂದ್ರು. ಬುಟ್ಟೆ. ಬೆಲ್ಲದಂಗಡಿ ಮುಳುಗಿದ್ದು ಅವ್ರಿಗೂ ಕೇಳಿಸ್ತಲ್ಲ. ಸೀಯಾಗಿ ಅದೆ ಕಣೇ, ನಮ್ಮ ಚಲುವನ ಬೆಲ್ಲ ಬೆರೆತದೆ ಅಂದ್ರು. ಅವ್ನಿಗೆ ಏಳಬ್ಯಾಡ, ಪಾಪ, ಕಾಯ್ತಾವ್ನೆ ಅಂದ್ರು."

ಅವನು ತಾಯಿಯ ತುಟಿಗೆ ಗಿಂಡಿ ಮುಟ್ಟಿಸಿದ. ನೀರು ಕೆನ್ನೆಯ ಮೇಲಿಂದ ಚಾಪೆಗೆ ಇಳಿಯಿತು.

ಅಳುವವರಿಗೆ ಗಂಟಲು ಒಣಗಿತು. ಇಡೀ ಬೀದಿಯಲ್ಲಿ ಕುಡಿಯುವಂಥ ನೀರಿದ್ದದ್ದು ಆ ಕೊಟ್ಟಿಗೆಯಲ್ಲಿ ಮಾತ್ರ. ಮೊದಲು ಹೊನ್ನಪ್ಪ ಎದ್ದ, ಆಮೇಲೆ ಪಾರ್ವತಮ್ಮ, ಆಮೇಲೆ ಎಲ್ಲರೂ. "ಎಂಥಾ ತಿಳಿ ಮಾಡೀಯೋ ಚಲುವ!" ಎಂದು ಮೆಚ್ಚಿಕೊಂಡೇ ಕುಡಿದರು.

ಚಲುವಯ್ಯನಿಗೆ ಬಾಯಾರಿಕೆ ನೆನಪಾಗಿ ಹೋಗಿ ನೋಡಿದಾಗ ಗಡಿಗೆಯ ತಳದಲ್ಲಿ ಕೆಂಪು ಗಸಿ ಮಾತ್ರ ಉಳಿದಿತ್ತು.

ಹೊಸ್ತಿಲಿಗೆ ಬಂದು ಕೂತ. ಬಗ್ಗಿ ಬೊಗಸೆ ತುಂಬ ಹೊಳೆ ನೀರು ಎತ್ತಿ ಕುಡಿದ. ಮರಳು ಹಲ್ಲಿಗೆ ಕರಕರ ಎಂದಿತು. ಇನ್ನೊಂದು ಬೊಗಸೆ ಎತ್ತಿದ.

"ಸೀಯಾಗಿ ಅದಾ?" ಎಂದಳು ಹಿಂದೆ ನಿಂತಿದ್ದ ಪುಟ್ಟಗೌರಮ್ಮ.

ಅವನು ತಲೆಯೆತ್ತದೆ ಮೂರನೆಯ ಬೊಗಸೆಗೆ ಬಗ್ಗಿದ.