ಕೋಳಿಗಳಿಗೂ ಒಂದು ಪಂಕ್ತಿ

ನಮ್ಮ ಮಾವನವರಿಂದ ಪ್ರಾಣಾಪಾಯವಿದೆ ಎಂದು ಮೊದಲೇ ಎಚ್ಚರಿಸಿಬಿಡುತ್ತೇನೆ. ಕತ್ತಿ ಕಠಾರಿ ಏನೂ ಇಲ್ಲ ಪಾಪ, ಅವರ ಆಯುಧ ಸೌಟು! ನನ್ನ ಗಂಡನನ್ನು ಹೆತ್ತ ಈ ಮಹಾನುಭಾವರ ಎದುರು ಎಲೆ ಹಾಕಿಕೊಂಡು ಕೂತವರು ತಾವಾಗಿ ಎದ್ದ ಉದಾಹರಣೆಯೇ ಇಲ್ಲ, ಯಾರಾದರೂ ಕೈಹಿಡಿದು ಎಬ್ಬಿಸಬೇಕು.

ಮೈಸೂರಿನಲ್ಲಿದ್ದಾಗ ನೆಂಟರಿಷ್ಟರ ಮದುವೆಗಳಲ್ಲೆಲ್ಲ ಪಂಕ್ತಿಯ ಉಸ್ತುವಾರಿ ಇವರದೇ. ಯಾರೂ ಕೊಟ್ಟದ್ದಲ್ಲ, ಸೊಂಟಕ್ಕೆ ವಲ್ಲಿ ಬಿಗಿದುಕೊಂಡು ತಾವೇ ವಹಿಸಿಕೊಂಡದ್ದು. ಒಮ್ಮೆ ಛತ್ರ ತಪ್ಪಿ ಯಾರದೋ ಮದುವೆಗೆ ನುಗ್ಗಿ ಎರಡು ಪಂಕ್ತಿಗೆ ಹೋಳಿಗೆ ಬಡಿಸಿದ್ದಾರೆ. ತಪ್ಪು ತಿಳಿದ ಮೇಲಾದರೂ ಹೊರಟರೇ? "ಮೂರನೇ ಪಂಕ್ತಿ ಕೂತ್ಬಿಟ್ಟಿದೆ, ಅರ್ಧಕ್ಕೆ ಬಿಟ್ಟು ಹೇಗೆ ಬರ್ಲಿ?" ಎಂದರಂತೆ! ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರಿಗೆ ಬೆರಳಸಂದಿಯಲ್ಲೇ ತುಪ್ಪ ಬಡಿಸಿದ ಧೀರರು ಇವರು.

ಮರೆವಿನ ಕಾಯಿಲೆ ಶುರುವಾದ ಮೇಲೆ ಅಮೆರಿಕದ ಕೊಲಂಬಿಯಾ ಊರಿನ ನಮ್ಮ ಮನೆಗೆ ಬಂದರು. ಊರು ಮರೆತರು, ವರ್ಷ ಮರೆತರು, ಮಗನ ಹೆಸರನ್ನೂ ಆಗಾಗ ಮರೆತರು. ಉಪಚಾರ ಮರೆಯಬೇಕಲ್ಲ! ಹುಲ್ಲು ಕತ್ತರಿಸಲು ಬಂದವರನ್ನು ಹಿತ್ತಿಲ ಮರದ ಜಗಲಿ, ಡೆಕ್ ಮೇಲೆ ಸಾಲಾಗಿ ಕೂರಿಸಿ ಮೊಸರನ್ನ ಹಾಕಿದರು. ಅಂದು ಹುಲ್ಲು ಅರ್ಧಕ್ಕೇ ನಿಂತಿತು, ಕತ್ತರಿಸುವವರಿಗೆ ನಿದ್ದೆ ಹತ್ತಿತ್ತು. ನನ್ನ ಮಗಳು "ತಾತಾ, ಐ ಆಮ್ ಫುಲ್" ಎಂದು ಗೋಳಾಡಿದರೆ, "ಫುಲ್ಲಾ? ಹಾಗಾದ್ರೆ ಬರೀ ಸಾರನ್ನ ಹಾಕ್ತೀನಿ, ಜಾಗ ಮಾಡ್ಕೊಂಡು ಇಳಿಯತ್ತೆ" ಎನ್ನುತ್ತಾರೆ.

ನಾವಿಬ್ಬರೂ ಆಫೀಸಿಗೆ ಹೋಗುವವರು. ಅವರೊಬ್ಬರನ್ನೇ ಬಿಡುವಂತಿರಲಿಲ್ಲ, ಎರಡು ಸಲ ಒಲೆ ಹಚ್ಚಿ ಮರೆತಿದ್ದರು. ಮೊದಲು ಸೇರಿಸಿದ ವೃದ್ಧರ ಡೇ ಕೇರ್ ನಾಲ್ಕೇ ದಿನಕ್ಕೆ ಕೈಮುಗಿಯಿತು. ಕೂತಲ್ಲಿ ಕೂರುವುದಿಲ್ಲ, ಬಾಗಿಲು ತೆಗೆದು ದಾರಿಹೋಕರನ್ನೆಲ್ಲ ಊಟಕ್ಕೆ ಕರೆಯುತ್ತಾರೆ ಎಂಬ ದೂರು. ಕೊನೆಗೆ ಸಿಕ್ಕಿದ್ದು ಊರಾಚೆಯ ಒಂದು ಫಾರ್ಮ್. ಇವರಂಥವರೇ ಎಂಟು ಹತ್ತು ಮಂದಿ ಬೆಳಗಿನಿಂದ ಸಂಜೆಯವರೆಗೆ ಟೊಮೇಟೊ ಗಿಡಕ್ಕೆ ನೀರು ಹಾಕುತ್ತ, ಆಡುಗಳ ಮೈ ಉಜ್ಜುತ್ತ ಕಾಲ ಕಳೆಯುವ ಜಾಗ. ಎರಡು ವಾರ ಇಟ್ಟುಕೊಂಡು ನೋಡುತ್ತೇವೆ ಎಂದರು. ಇದೂ ಆಗದಿದ್ದರೆ ಉಳಿದದ್ದು ಸದಾ ಬೀಗ ಹಾಕಿದ ಬಾಗಿಲಿನ ವೃದ್ಧರ ಹೋಮ್ ಒಂದೇ. ಆ ಮಾತನ್ನು ನಾನಾಗಲಿ ನನ್ನ ಗಂಡನಾಗಲಿ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಮೂರನೆಯ ದಿನ ಫಾರ್ಮ್ ನೋಡಿಕೊಳ್ಳುವ ಲಿಂಡಾಳ ಫೋನು. ನಿಮ್ಮ ಮಾವ ಖುಷಿಯಾಗಿದ್ದಾರೆ, ಆದರೆ ಮಧ್ಯಾಹ್ನ ಒಂದು ತುತ್ತೂ ತಿನ್ನುವುದಿಲ್ಲ, ಹೀಗಾದರೆ ಇಟ್ಟುಕೊಳ್ಳುವುದು ಕಷ್ಟ ಎಂದಳು. ಊರಿಗೆಲ್ಲ ಉಣ್ಣಿಸಿದವರು ಉಪವಾಸವೇ! ಚಿತ್ರಾನ್ನ ಕಟ್ಟಿಕೊಟ್ಟೆ, ವಾಪಸ್ ಬಂತು. ಉಪ್ಪಿಟ್ಟು, ಅದೂ ವಾಪಸ್. ಎಂಟನೆಯ ದಿನ ರಜೆ ಹಾಕಿ ನಾನೇ ಹೋಗಿ ನಿಂತೆ.

ಎಲ್ಲರೂ ಉದ್ದನೆಯ ಮೇಜಿಗೆ ಕೂತಿದ್ದರು. ಇವರು ಮಾತ್ರ ಬೇಲಿಯ ಕಡೆ ಕೈ ತೋರಿಸುತ್ತ ಲಿಂಡಾಳನ್ನು ಅಚ್ಚ ಕನ್ನಡದಲ್ಲಿ ಗದರುತ್ತಿದ್ದರು. "ಅಲ್ಲಿ ಅಷ್ಟು ಮಂದಿ ಕಾಯ್ತಾ ನಿಂತಿದಾರೆ, ನಾನು ಹೇಗಮ್ಮ ಕೂರ್ಲಿ?"

ಬೇಲಿಯಾಚೆ ನಿಂತಿದ್ದವು ಕೋಳಿಗಳು!

ಲಿಂಡಾಗೆ ಕನ್ನಡವೇ ಬಾರದು, ಪಂಕ್ತಿಯ ಶಾಸ್ತ್ರ ಎಲ್ಲಿಂದ ಬರಬೇಕು? ನಮ್ಮಲ್ಲಿ ಬಡಿಸುವವರು ಎಲ್ಲರದೂ ಆದ ಮೇಲೇ ಉಣ್ಣುವುದು ಎಂದು ನಾನು ವಿವರಿಸಿದೆ. ಆಕೆ ಒಂದು ಕ್ಷಣ ಯೋಚಿಸಿ, ಕಾಳಿನ ಬಕೆಟ್ ತಂದು ಮಾವನವರ ಕೈಗೆ ಕೊಟ್ಟಳು.

ನೋಡಬೇಕಿತ್ತು ಆಗ! ಬೇಲಿಯುದ್ದಕ್ಕೂ ಗೆರೆ ಎಳೆದಂತೆ ಕಾಳು ಸುರಿದರು, ಕೋಳಿಗಳು ಸಾಲಾಗಿ ನಿಂತೇಬಿಟ್ಟವು. ಒಂದು ಕೆಂಪು ಹುಂಜ ನಡುವೆಯೇ ಹೊರಟಿತು. "ಸ್ವಾಮೀ, ಪಂಕ್ತಿ ಮಧ್ಯೆ ಏಳಬಾರ್ದು! ಇನ್ನೂ ಮಜ್ಜಿಗೆ ಬಂದಿಲ್ಲ!" ಹುಂಜ ತೆಪ್ಪಗೆ ವಾಪಸ್ ಬಂತು, ಕಣ್ಣಾರೆ ಕಂಡಿದ್ದೇನೆ. ಆಡುಗಳಿಗೆ "ಸಂಕೋಚ ಮಾಡ್ಕೋಬೇಡಿ" ಎನ್ನುತ್ತ ಎರಡೆರಡು ಸಲ ಹುಲ್ಲು. ಆಮೇಲೆ ಮೇಜಿನ ಸರದಿ. ಸದಾ ತಲೆ ತಗ್ಗಿಸಿ ಕೂರುವ ಮುದುಕರೊಬ್ಬರು "ನೋ, ಥ್ಯಾಂಕ್ ಯೂ" ಎಂದರು. ಪಾಪ, ಯಾರ ಹತ್ತಿರ ಹೇಳುತ್ತಿದ್ದಾರೆ! ಮೂರನೇ ಸಲ ಆಲೂಗಡ್ಡೆ ಬಿದ್ದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕಿದ್ದನ್ನು ಇವತ್ತೇ ನೋಡಿದ್ದು ಎಂದಳು ಲಿಂಡಾ.

ಎಲ್ಲರದೂ ಆಯಿತು. ಮಾವನವರು ಮಾತ್ರ ಕೂರಲಿಲ್ಲ. ಅವರು ನೇರ ನನ್ನ ಬಳಿ ಬಂದು ಮುಖವನ್ನೇ ದಿಟ್ಟಿಸಿದರು.

"ತಾವು ಹೆಣ್ಣಿನ ಕಡೆಯವ್ರೋ, ಗಂಡಿನ ಕಡೆಯವ್ರೋ? ಇನ್ನೂ ಕೂತೇ ಇಲ್ವಲ್ಲ!"

ಹದಿನಾಲ್ಕು ವರ್ಷದಿಂದ ಅವರ ಸೊಸೆ ನಾನು. ನನ್ನನ್ನು ಅವರು ಮರೆತದ್ದು ಅದೇ ಮೊದಲು. "ನಾನು ಮನೆಯವಳೇ, ಮಾವ" ಎಂದೆ.

ಅವರ ಮುಖ ಅರಳಿತು. "ಮನೆಯವ್ಳಾ? ಮೊದ್ಲೇ ಹೇಳ್ಬಾರ್ದಾ! ನಮ್ದೆಲ್ಲ ಕೊನೇ ಪಂಕ್ತಿ ಕಣಮ್ಮ. ಬಾ, ನನ್ ಪಕ್ಕ ಕೂತ್ಕೋ."

ಅಂದು ನಾನು ಕಟ್ಟಿಕೊಟ್ಟಿದ್ದ ಡಬ್ಬಿ ತೆರೆದು ಅರ್ಧ ಪುಳಿಯೋಗರೆಯನ್ನು ನನ್ನ ತಟ್ಟೆಗೆ ಹಾಕಿದರು. ನಾನು ಬೇಡವೆನ್ನಲಿಲ್ಲ. ಮಿಕ್ಕದ್ದನ್ನು ಒಂದಗುಳೂ ಬಿಡದೆ ಅವರು ಉಂಡರು.