ಎರಡು ಸೌಟು ಎಣ್ಣೆ

ನನ್ನ ಓದು ಮೂರನೇ ಕ್ಲಾಸಿಗೇ ಮುಗಿಯಿತು. ಆದರೆ ಮಗು ಮೀಯಿಸುವ ವಿಷಯದಲ್ಲಿ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ ಎಂಬ ಅಹಂಕಾರ ಈಗಲೂ ಇದೆ. ಸವಣೂರಿನಲ್ಲಿ ನನ್ನ ಕಾಲ ಮೇಲೆ ಮಲಗಿ ಮಿಂದವರು ಈಗ ಮೀಸೆ ತಿರುವುತ್ತಾ ಓಡಾಡುತ್ತಾರೆ. ಹಾಗಾಗಿ ದೊಡ್ಡ ಮೊಮ್ಮಗಳು ಹೆತ್ತಾಗ, ಕೂಸಿಗೆ ಅಂಗಡಿ ಸಾಬೂನು ಬೇಡ, ಮನೆಯಲ್ಲೇ ಮಾಡುವುದು ಎಂದುಬಿಟ್ಟೆ. ಪಿಯುಸಿ ಓದುವ ಚಿಕ್ಕವಳು ಸೌಮ್ಯ ಪುಸ್ತಕ ತೆರೆದಳು.

"ಅಜ್ಜಿ, ಎಣ್ಣೆ ಒಂದು ಮೋಲಿಗೆ ಕಾಸ್ಟಿಕ್ ಸೋಡಾ ಮೂರು ಮೋಲು."

"ಮೋಲು ಅಂದ್ರೆ ಎಂತದು?"

"ಡಜನ್ ಇದ್ದ ಹಾಗೆ. ಕಣ್ಣಿಗೆ ಕಾಣದ್ದನ್ನು ಎಣಿಸುದು."

ಕಾಣುವುದನ್ನೇ ಎಣಿಸಲು ತಡವರಿಸುವವಳು ನಾನು. ಸೋಡಾ ಪೂರ್ತಿ ಮುಗಿದು ಎಣ್ಣೆ ಚೂರು ಉಳಿಯಬೇಕು, ಆಗಲೇ ಎಳೆ ಚರ್ಮಕ್ಕೆ ಕ್ಷೇಮ ಎಂದು ಅವಳು ಎರಡನ್ನೂ ತೂಗಿಟ್ಟಳು. ಸೋಡಾವನ್ನು ನೀರಿಗೆ ಹಾಕಲು ಅಂಗಳಕ್ಕೆ ಹೋದಳು. ಅಷ್ಟರಲ್ಲಿ ಬಾಣಂತಿಯ ತಲೆಗೆ ತಟ್ಟಬೇಕಲ್ಲ ಎಂದು ನಾನು ಆ ಎಣ್ಣೆಯಿಂದ ಎರಡು ಸೌಟು ತೆಗೆದೆ. ಎಣ್ಣೆ ಮುಟ್ಟದ ಬಾಣಂತಿ ಸ್ನಾನವನ್ನು ನಾನು ಕಂಡವಳಲ್ಲ.

ಅವಳು ಬಂದು ಸೋಡಾ ನೀರನ್ನು ಎಣ್ಣೆಗೆ ಸುರಿದ ಮೇಲೆ ನಾನು ಕಲಕಲು ಕೂತೆ. ಎಣ್ಣೆ ಬೆಳ್ಳಗಾಗಿ, ಮಂಜಿನಂತೆ ದಪ್ಪವಾಗುತ್ತಾ ಬಂತು. ಕೈ ತಿರುಗುತ್ತಲೇ ಇತ್ತು, ಮನಸ್ಸು ಎಲ್ಲೆಲ್ಲೋ ತೇಲಿತು. ಮೀಯಿಸಿದ ಕೂಸುಗಳೆಲ್ಲ ಒಂದೊಂದಾಗಿ ಆ ಬಿಳುಪಿನಿಂದ ಎದ್ದು, ಹಬೆಯಾಡುವ ಮೈಯಲ್ಲಿ ನನ್ನ ಕಾಲ ಮೇಲೆ ಬಂದು ಮಲಗಿದವು. ಹೆಸರು ಒಂದರದ್ದೂ ನೆನಪಿಲ್ಲ, ಅಳುವ ಸ್ವರ ಮಾತ್ರ ಗೊತ್ತು.

ಸಾಬೂನನ್ನು ಒಂದು ತಿಂಗಳು ಒಣಗಿಸಿ, ಕೂಸಿಗೆ ಹಚ್ಚುವ ಮೊದಲು ನನ್ನ ತೋಳಿಗೆ ತಿಕ್ಕಿಕೊಂಡೆ. ಮೆಣಸು ಅರೆದು ಮೆತ್ತಿದಂತೆ ಉರಿಯಿತು. ಸೌಮ್ಯ ಲೆಕ್ಕವನ್ನು ಮೂರು ಸಲ ಮಾಡಿದಳು. ಮೂರು ಸಲವೂ ಸರಿ. ಹುಡುಗಿಯ ಕಣ್ಣು ತುಂಬಿತು. "ಮಗುವಿಗೇ ಹಚ್ಚಿದ್ರೆ ಎಂತ ಆಗ್ತಿತ್ತು ಅಜ್ಜಿ? ನಾನಿನ್ನು ಸೈನ್ಸ್ ಓದುದಿಲ್ಲ."

ಇನ್ನು ಬಾಯಿ ಬಿಡದಿದ್ದರೆ ನಾನು ಮನುಷ್ಯಳಲ್ಲ. "ಎರಡೇ ಸೌಟು ಮಾರಾಯ್ತಿ" ಎಂದೆ.

"ಅದೇ ಎರಡು ಸೌಟು! ಎಣ್ಣೆ ಮುಗಿದಲ್ಲಿಗೆ ಸಾಬೂನೂ ಮುಗೀತು. ಮಿಕ್ಕ ಸೋಡಾ ಎಂತ ಮಾಡುದು? ಸಿಕ್ಕಿದವರ ಮೈ ತಿನ್ನುದು!"

ಆ ಸಾಬೂನನ್ನು ಗುಂಡಿ ತೋಡಿ ಹೂತೆವು. ಎರಡನೇ ಸಲ ಅವಳು ಎಣ್ಣೆ ತೂಗುವ ಮೊದಲೇ ನನ್ನನ್ನು ಜಗಲಿಯಲ್ಲಿ ಕೂರಿಸಿ, ಎರಡೂ ಕೈ ತುಂಬುವ ಹಾಗೆ ಕೂಸನ್ನು ಕೊಟ್ಟುಹೋದಳು. ಕಳೆದ ಸಲ ಎಲ್ಲವನ್ನೂ ಎಣಿಸಿದ್ದಳಂತೆ, ನನ್ನನ್ನು ಬಿಟ್ಟು.