ಮಂಡಿ ರಕ್ಷಣೆಯ ನಲವತ್ತು ದಿನಗಳು

"ಧಾರೆಯ ದಿನ ಎರಡು ಗಂಟೆ ಮಣೆ ಮೇಲೆ ಕೂರಬೇಕಾಗುತ್ತೆ. ನಿಮ್ ಕೈಲಿ ಆಗುತ್ತಾ?" ಎಂದು ಪುರೋಹಿತರು ಕೇಳಿದಾಗ ಮಗಳ ಮದುವೆಗೆ ನಲವತ್ತು ದಿನ ಬಾಕಿಯಿತ್ತು.

ನನ್ನ ಕೈಲಿ! ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಹೇಳಿಕೊಟ್ಟವನ ಕೈಲಿ! "ಮೂರು ಗಂಟೆ ಬೇಕಾದ್ರೂ ಕೂರ್ತೀನಿ" ಎಂದು ಬೀಗರ ಎದುರಿಗೇ ಘೋಷಿಸಿಬಿಟ್ಟೆ.

ನನಗೆ ಅರವತ್ತೊಂದು. ಅಂದರೆ ನಡುವಯಸ್ಸು. ನನ್ನ ಹೆಂಡತಿ ಸರಳಾ ಮಾತ್ರ ಇದನ್ನು ಒಪ್ಪುವುದಿಲ್ಲ.

ಮಂಡಿ ಗಟ್ಟಿಯಾಗಲೆಂದು ಒಂದು ಗೇರ್ ಸೈಕಲ್ ಕೊಂಡೆ. ಸೈಕಲ್ಲಿನಿಂದಲೇ ಮಂಡಿ ನೋಯಬಾರದಲ್ಲ? ಅದಕ್ಕೂ ನಿಯಮ ಓದಿಕೊಂಡೆ. ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗುವಷ್ಟು ಸೀಟು ಎತ್ತರವಿರಬೇಕು. ತಗ್ಗಿದ್ದರೆ ಭಾರವೆಲ್ಲ ಮಂಡಿಯ ಮೇಲೆ. ತ್ಯಾಗರಾಜನಗರದ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಮುರುಗೇಶನ ಸೈಕಲ್ ಅಂಗಡಿ. ಅವನು ಸೀಟನ್ನು ನನ್ನ ಅಳತೆಗೆ ನಿಲ್ಲಿಸಿಕೊಟ್ಟ. ಸೀಟಿನಲ್ಲಿ ಕೂತರೆ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಒಮ್ಮೆ ಸರಿಯಾಗಿ ಮಾಡಿದ ಕೆಲಸವನ್ನು ಮತ್ತೆ ಪರಿಶೀಲಿಸುವುದು ನನ್ನ ಪದ್ಧತಿಯಲ್ಲ.

ಬೆಳಿಗ್ಗೆ ಐದೂವರೆಗೆ ಜಯನಗರದ ಸುತ್ತು, ಮಧ್ಯಾಹ್ನ ಎರಡರಿಂದ ಮೂರರವರೆಗೆ ನಿದ್ದೆ. ಒಂದು ನಿಮಿಷ ಆಚೀಚೆಯಿಲ್ಲ.

ಹತ್ತು ದಿನದಲ್ಲಿ ಅದ್ಭುತ ನಡೆಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಅರ್ಧ ಪಾದ ನೆಲಕ್ಕೆ ತಾಗತೊಡಗಿತು. ಇಪ್ಪತ್ತನೆಯ ದಿನ ಇಡೀ ಪಾದ! ವ್ಯಾಯಾಮದಿಂದ ಕೀಲುಗಳು ಸಡಿಲಗೊಂಡು ಕಾಲು ನೀಳವಾಗಿದೆ ಎಂದು ತೀರ್ಮಾನಿಸಿದೆ. ಎದುರುಮನೆಯ ಶೇಷಗಿರಿಗೂ ತಿಳಿಸಿದೆ.

"ಪ್ಯಾಂಟು ಗಿಡ್ಡ ಆಯ್ತಾ ಸಾರ್?" ಎಂದ.

ಹೊಟ್ಟೆಕಿಚ್ಚು!

ಜೊತೆಜೊತೆಗೇ ಮಂಡಿ ಸಣ್ಣಗೆ ನೋಯತೊಡಗಿತು. ಕಾಲು ಬೆಳೆಯುವಾಗ ಇಷ್ಟು ಸಹಜವೆಂದು ಎಳ್ಳೆಣ್ಣೆ ಹಚ್ಚಿದೆ. ನೋವು ಹೆಚ್ಚಾಯಿತು. ಇನ್ನೊಂದು ಸುತ್ತು ಜಾಸ್ತಿ ತುಳಿದೆ. ಮೂವತ್ತನೆಯ ದಿನ ಬನಶಂಕರಿ ಕಡೆಯ ಏರಿನಲ್ಲಿ ಎರಡೂ ಮಂಡಿಗಳು ಒಮ್ಮತದಿಂದ ಮುಷ್ಕರ ಹೂಡಿದವು. ಸೈಕಲ್ ತಳ್ಳಿಕೊಂಡು, ಕುಂಟಿಕೊಂಡು, ಮುರುಗೇಶನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿಗೆ ತಲುಪಿದೆ.

ಅವನು ಸೀಟು ನೋಡಿದ. ನನ್ನನ್ನು ನೋಡಿದ.

"ಸಾರ್, ನೀವ್ಯಾಕೆ ಮೇಡಂ ಅಳತೇಲಿ ಓಡಿಸ್ತಿದ್ದೀರಾ?"

"ಯಾವ ಮೇಡಂ?"

"ನಿಮ್ ಮನೆಯವ್ರೇ ಸಾರ್! ಮಧ್ಯಾಹ್ನ ಎರಡೂಕಾಲು ಗಂಟೆಗೆ ಚೂಡಿದಾರ್ ಹಾಕ್ಕೊಂಡು ದಿನಾ ಹೋಗ್ತಾರಲ್ಲ. ಸಖತ್ತಾಗಿ ಓಡಿಸ್ತಾರೆ!"

ಮನೆಯಲ್ಲಿ ಸರಳಾ ಸೊಪ್ಪು ಬಿಡಿಸುತ್ತಿದ್ದಳು.

"ನೀನು ಸೈಕಲ್ ತುಳೀತೀಯಾ?"

"ಹೂಂ. ನಂಗೂ ಮಂಡಿ ಇದೆಯಲ್ರೀ. ನಾನೂ ಮಣೆ ಮೇಲೆ ಕೂರ್ಬೇಕು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಟೈಮ್‌ಟೇಬಲ್ ಹಾಕಿಕೊಡ್ತಿದ್ರಿ."

"ಸೀಟು ಇಳಿಸಿಟ್ಟಿದ್ದೀಯಲ್ಲೇ!"

"ಮೊದಮೊದಲು ಅಂದಾಜಲ್ಲಿ ಏರಿಸಿಡ್ತಿದ್ದೆ. ಆಮೇಲೆ ನೀವೇ ಕಾಲು ಉದ್ದ ಆಯ್ತು ಅಂತ ಬೀದಿಗೆಲ್ಲ ಸಾರ್ಕೊಂಡು ಬಂದ್ರಿ. ಅಷ್ಟು ಖುಷಿಯಾಗಿದ್ರಿ, ಯಾಕೆ ಕೆಡಿಸ್ಲಿ ಅಂತ ಹಾಗೇ ಬಿಟ್ಟೆ."

ಎರಡು ತಿಂಗಳು ನೆಲದ ಮೇಲೆ ಕೂರಕೂಡದು ಎಂದು ಡಾಕ್ಟರು ಅಪ್ಪಣೆ ಕೊಡಿಸಿದರು. ಮದುವೆಗೆ ಇದ್ದದ್ದು ಹತ್ತೇ ದಿನ!

ಧಾರೆಯ ದಿನ ಸರಳಾ ಸಲೀಸಾಗಿ ಚಕ್ಕಳಮಕ್ಕಳ ಹಾಕಿ ಮಣೆಯ ಮೇಲೆ ಕೂತಳು. ಪಕ್ಕದಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಬಂತು. ಅಕ್ಷತೆ ಹಾಕಬೇಕಾದಾಗಲೆಲ್ಲ ನಾನು ಬಾವಿಗೆ ಬಗ್ಗಿದಂತೆ ಬಗ್ಗುತ್ತಿದ್ದೆ.

"ಅಯ್ಯೋ, ಬೀಗರ ಮಂಡಿಗೆ ಏನಾಯ್ತು?" ಎಂದು ವರನ ತಾಯಿ ಕಳಕಳಿಯಿಂದ ಕೇಳಿದರು.

ನಾನು ಗಂಭೀರವಾಗಿ ಬಾಯಿ ತೆರೆಯುವಷ್ಟರಲ್ಲಿ ಸರಳಾ ಹೇಳಿಯೇಬಿಟ್ಟಳು:

"ಏನಿಲ್ಲ ಬಿಡಿ. ಮಂಡಿ ನೋವು ಬರಬಾರ್ದು ಅಂತ ಸೈಕಲ್ ತುಳಿದ್ರು."

ಮಂಟಪದಲ್ಲಿ ಮೊದಲು ನಕ್ಕವಳು ಮದುಮಗಳು.